ಇಕ್ಷುಸಂಯಮ ಮೀಮಾಂಸೆ

ಆತ್ಮಸಂಯಮದ ಲಕ್ಷಣವನ್ನು ಹಿಮಾಲಯದ ಗುಹೆಗಳಲ್ಲಿ ಹುಡುಕಿದ ಪೂರ್ವಸೂರಿಗಳು ಮಹಾಲಿಂಗಪುರದಲ್ಲಿ ಬಸ್ಸಿಳಿದು ಸಮೀರವಾಡಿಯ ಕಡೆ ಒಮ್ಮೆಯೂ ಹೊರಳಲಿಲ್ಲ. ಶಾಸ್ತ್ರಕ್ಕಾದ ಈ ಲೋಪವನ್ನು ತುಂಬಲೆಂದೇ ಈ ಗ್ರಂಥ. ಅಧಿಕಾರಿ: ಕಬ್ಬು ಬೆಳೆದವನು. ವಿಷಯ: ಕಾಯುವುದು. ಸಂಬಂಧ: ಸೊಸೈಟಿಯ ಸಾಲ. ಪ್ರಯೋಜನ: ಬಿಲ್ಲು, ಬಂದರೆ.

ಮೊದಲು ಪೂರ್ವಪಕ್ಷ. 1970ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ವಾಲ್ಟರ್ ಮಿಶೆಲ್ ಎಂಬ ಪಂಡಿತರು ಸಣ್ಣ ಮಕ್ಕಳ ಮುಂದೆ ಮಿಠಾಯಿ ಇಟ್ಟು, ಕಾಲು ಗಂಟೆ ತಿನ್ನದೆ ಕೂತರೆ ಇನ್ನೊಂದು ಕೊಡುವುದಾಗಿ ಹೇಳಿ ಹೊರಗೆ ಹೋದರು. ಕೆಲವರು ಕಾದರು, ಕೆಲವರು ಗುಳುಂ ಮಾಡಿದರು. ಇದನ್ನೇ ಜಗತ್ತು ಸಂಯಮದ ಒರೆಗಲ್ಲೆಂದು ಕೊಂಡಾಡಿತು. ಕಾಲು ಗಂಟೆ! ನಮ್ಮಲ್ಲಿ ಅಷ್ಟು ಹೊತ್ತಿನಲ್ಲಿ ಕಾಟಾದ ಮುಂದಿನ ಗಾಡಿ ಒಂದು ಮಾರು ಸರಿದರೆ ಪೇಡೆ ಹಂಚುತ್ತಾರೆ.

ಈಗ ಸಿದ್ಧಾಂತ. ನಾಟಿಯಿಂದ ಕಟಾವಿಗೆ 12 ತಿಂಗಳು. ಅಪರಾತ್ರಿ ಕರೆಂಟು ಬಂದಾಗ ಎದ್ದು ಹೋಗಿ ಪಂಪು ಚಾಲೂ ಮಾಡುವುದು ಇಲ್ಲಿ ಬಾಲಬೋಧೆ. ಪಾಳಿ ಬರುವಷ್ಟರಲ್ಲಿ ಕಬ್ಬು ಸೂಲಂಗಿ ಬಿಡುತ್ತದೆ. ರೈತ ಬಾಯಿ ಬಿಡುವಂತಿಲ್ಲ. ಬೀಡ್ ಕಡೆಯಿಂದ ಬಂದ ಗ್ಯಾಂಗು ಯಾವಾಗಲೂ ಪಕ್ಕದವರ ಫಡದಲ್ಲೇ ಇರುತ್ತದೆ. ಕರೆಯಲು ಹೋದವನು ಖುಷಾಲಿ ರೊಕ್ಕದ ಮಾತನ್ನು ನಗುನಗುತ್ತ ಕೇಳಬೇಕು. (ಕೂಸು ಕಟ್ಟಿಕೊಂಡು ಹಂಗಾಮು ಪೂರ್ತಿ ಗುಡಿಸಲಲ್ಲಿ ಕಳೆಯುವ ಆ ಗ್ಯಾಂಗಿನವರ ಸಂಯಮಕ್ಕೆ ಬೇರೆಯೇ ಗ್ರಂಥ ಬೇಕು, ಅದು ಅಣಕದ ದನಿಗೆ ದಕ್ಕುವಂಥದ್ದಲ್ಲ.)

ಸಮಾಧಿ ಸ್ಥಿತಿ ಲಭಿಸುವುದು ಯಾರ್ಡಿನಲ್ಲಿ. ಯಾವ ಕಾರ್ಖಾನೆಯದೆಂಬ ಜಿಜ್ಞಾಸೆ ಶಾಸ್ತ್ರಬಾಹಿರ. ಡಬಲ್ ಟ್ರೇಲರಿನ ಕೆಳಗೆ ಚೀಲ ಹಾಸಿ ಮಲಗಿದ್ದ ಡ್ರೈವರನೊಡನೆ ನಡೆದ ಸಂವಾದ ಹೀಗಿದೆ:

“ತಮ್ಮಾ, ನಂಬರ್ ಯಾವಾಗ ಬರ್ತೈತೋ?”

“ಬರ್ತೈತಿ ತಗೋರಿ ಕಾಕಾ. ನಾವರ ಎಲ್ಲಿಗೆ ಹೊಂಟೀವಿ?”

ಇದಕ್ಕಿಂತ ಸಣ್ಣ ಮಾತಿಗೆ ಸಂಪುಟಗಟ್ಟಲೆ ಭಾಷ್ಯ ಬರೆದವರಿದ್ದಾರೆ.

ಈ ನೆಲದ ಪರಂಪರೆ ಹೀಗಿರಲಿಲ್ಲ. ಮುಧೋಳದ ರನ್ನನ ‘ಗದಾಯುದ್ಧ’ದಲ್ಲಿ ಸರೋವರದ ತಳದಲ್ಲಿ ಅಡಗಿದ್ದ ದುರ್ಯೋಧನ, ಭೀಮ ದಂಡೆಯ ಮೇಲೆ ನಿಂತು ಅಬ್ಬರಿಸಿದ್ದೇ ತಡ, ತಡೆಯಲಾರದೆ ಎದ್ದು ಬಂದ. ಚೀಟಿ ಬರೆಯುವ ಹುಡುಗ ಏಕವಚನದಲ್ಲಿ ಗದರಿದರೂ ಜಾಗ ಬಿಟ್ಟು ಏಳದ ಇಂದಿನ ಕಾಕಾ, ಸಂಯಮದಲ್ಲಿ ಕೌರವೇಶ್ವರನಿಗಿಂತ ಎಷ್ಟೋ ಮೇಲು.

ಯಾರ್ಡಿನಲ್ಲಿ ಶಿಸ್ತಿಲ್ಲದ್ದು ಒಂದೇ, ಕಬ್ಬು. ಕಡಿದ ಗಳಿಗೆಯಿಂದಲೇ ಅದರ ಸುಕ್ರೋಸ್ ಒಡೆದು ಗ್ಲುಕೋಸ್, ಫ್ರುಕ್ಟೋಸ್ ಆಗತೊಡಗುತ್ತದೆ. ದಿನ ತಡವಾದಷ್ಟೂ ಕಾರ್ಖಾನೆಗೆ ರಿಕವರಿ ಇಳಿಯುತ್ತದೆ, ನೀರಾರಿ ರೈತನಿಗೆ ತೂಕ ಇಳಿಯುತ್ತದೆ. ಎಷ್ಟು ಉಪದೇಶ ಮಾಡಿದರೂ ಈ ಹುಲ್ಲಿನ ಜಾತಿಗೆ ತಾಳ್ಮೆ ಹತ್ತದು.

ಕಡೆಯದು ಫಲಶ್ರುತಿ. ಕಬ್ಬು (ನಿಯಂತ್ರಣ) ಆದೇಶ, 1966ರ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ. ಮಿಶೆಲ್ ಪಂಡಿತರು ಹೇಳಿದ ಹೊತ್ತಿಗೆ ಬಾಗಿಲು ತೆರೆದು ಮಿಠಾಯಿ ತಂದುಕೊಟ್ಟರು. ಮಕ್ಕಳು ಹೊಸ್ತಿಲಲ್ಲಿ ಧರಣಿ ಕೂಡುವ ಪ್ರಸಂಗ ಬರಲಿಲ್ಲ. ಕೊಡುವವರ ಸಂಯಮವನ್ನು ಅಳೆಯುವ ಪ್ರಯೋಗವನ್ನು ಅವರೇಕೆ ಕೈಗೊಳ್ಳಲಿಲ್ಲವೋ! ಮೇಲಿನ ಬಡ್ಡಿಯ ಸಾಕ್ಷಾತ್ಕಾರವಾದ ಸಾಧಕರಿದ್ದರೆ ಮುಂದೆ ಬನ್ನಿರೆಂದು ನಾನು ಯಾರ್ಡಿನ ನಡುವೆ ನಿಂತು ಕೂಗಿದೆ. ಟ್ರ್ಯಾಕ್ಟರುಗಳ ಟೇಪು ಜೋರಿತ್ತು, ಯಾರಿಗೂ ಕೇಳಿಸಿರಲಿಕ್ಕಿಲ್ಲ.