ಪಿನ್ನು ಕೀಳುವ ಪಾಠ

ರಾಜ್ಯ ಅಗ್ನಿಶಾಮಕ ಇಲಾಖೆಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಆಸುಪಾಸಿನಲ್ಲಿ. ಬೆಂಕಿ ಆರಿಸುವವರು ನೀರಿನ ನೆರೆ ಹಿಡಿದದ್ದು ನ್ಯಾಯವೇ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸಿಡಿದಾಗ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. ಶಾಲೆ, ಅಪಾರ್ಟ್‌ಮೆಂಟುಗಳಲ್ಲಿ ಪ್ರಾತ್ಯಕ್ಷಿಕೆಗಳ ಸುಗ್ಗಿ. ಅಗ್ನಿನಂದಕದ ಪಿನ್ನು ಕಿತ್ತು, ನಳಿಕೆಯನ್ನು ಬೆಂಕಿಯ ಬುಡಕ್ಕೆ ಹಿಡಿದು, ಹಿಡಿ ಅದುಮಿ, ಅತ್ತಿತ್ತ ಬೀಸಬೇಕು. ಜನ ಮಾತ್ರ ಜ್ವಾಲೆಯ ತುದಿಗೇ ಗುರಿಯಿಡುತ್ತಾರೆ. ಉರಿಯುವ ಸಿಲಿಂಡರಿಗೆ ಒದ್ದೆ ಗೋಣಿ ಹೊದಿಸುವ ಹೊತ್ತಿಗೆ ಮುಂದಿನ ಸಾಲು ಸದ್ದಿಲ್ಲದೆ ಹಿಂದಿನ ಸಾಲಾಗಿರುತ್ತದೆ. ಅಣಕು ತೆರವಿನ ಗಂಟೆ ಬಾರಿಸಿದರೆ ಇಂದಿರಾನಗರದ ಕಚೇರಿಮಂದಿ ಕಾಫಿ ಲೋಟ ಹಿಡಿದೇ ಮೆಟ್ಟಿಲಿಳಿಯುತ್ತಾರೆ. ಕೆಲವರಂತೂ ಲಿಫ್ಟಿಗೇ ಕಾಯುತ್ತಾರೆ! ಕೊನೆಯ ಪಾಠ ಫೋನಿನದು: 101 ಅಥವಾ 112ಕ್ಕೆ ಕರೆ ಮಾಡಿ ವಿಳಾಸವನ್ನು ಬಿಡಿಸಿ ಹೇಳಬೇಕು. ಶಿವಾಜಿನಗರದಲ್ಲಿ ‘ಬಿರಿಯಾನಿ ಹೋಟೆಲ್ ಪಕ್ಕ’ ಎಂದರೆ ಗಾಡಿ ಎಲ್ಲಿಗೂ ಹೋಗಬಹುದು.