ವೈದ್ಯನು ಸೇನೆ ಸೇರತಕ್ಕ ಮುಹೂರ್ತ

ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ, ದೇಶದ ಮೀಸಲು ಪಡೆ. 1948ರ ಕಾಯ್ದೆಯಿಂದ ಹುಟ್ಟಿದ ಇದನ್ನು 1949ರ ಅಕ್ಟೋಬರ್ 9ರಂದು ರಾಜಾಜಿ ಉದ್ಘಾಟಿಸಿದರು. ಇಲ್ಲಿ ಅಧಿಕಾರಿಯಾಗಬಯಸುವವನು ಪದವೀಧರನಾಗಿರಬೇಕು, ವಯಸ್ಸು 18ರಿಂದ 42ರೊಳಗಿರಬೇಕು, ಬೇರೆಲ್ಲಾದರೂ ದುಡಿದು ಸಂಪಾದಿಸುತ್ತಲೂ ಇರಬೇಕು. ಇದು ಹೊಟ್ಟೆಪಾಡಿನ ನೌಕರಿಯಲ್ಲವೆಂದು ಸೇನೆ ಮೊದಲೇ ಹೇಳಿಬಿಡುತ್ತದೆ. ಮೊದಲ ವರ್ಷ ಒಂದು ತಿಂಗಳ ಪ್ರಾಥಮಿಕ ತರಬೇತಿ, ವರ್ಷವರ್ಷವೂ ಎರಡು ತಿಂಗಳ ಶಿಬಿರ, ಮೊದಲೆರಡು ವರ್ಷಗಳೊಳಗೆ ಇನ್ನೂ ಮೂರು ತಿಂಗಳ ತರಬೇತಿ. ಮಿಕ್ಕ ಕಾಲದಲ್ಲಿ ಅವನು ಬ್ಯಾಂಕಿನವನು, ಮೇಷ್ಟ್ರು, ವಕೀಲ. ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿಯವನಾದರೆ ಮಹೇಂದ್ರ ಸಿಂಗ್ ಧೋನಿ.

ಬ್ಯಾಂಕಿನವನಿಗಿಲ್ಲದ ತೊಡಕು ವೈದ್ಯನಿಗಿದೆ. ಹದಿನೆಂಟಕ್ಕೆ ಎಂಬಿಬಿಎಸ್ ಸೇರಿದವನು ಇಂಟರ್ನ್‌ಶಿಪ್ಪೂ ಸೇರಿ ಐದೂವರೆ ವರ್ಷ ಓದುತ್ತಾನೆ. ಕರ್ನಾಟಕದವನಾದರೆ ಸರ್ಕಾರ ಕರೆದಾಗ ಒಂದು ವರ್ಷದ ಗ್ರಾಮೀಣ ಸೇವೆ. ಆಮೇಲೆ ನೀಟ್ ಪಿಜಿಗೆಂದು ಕೋಣೆಯ ಬಾಗಿಲು ಹಾಕಿಕೊಂಡ ಒಂದು ವರ್ಷ. ಪಿಜಿ ಮೂರು, ಹುಚ್ಚು ಇಳಿಯದಿದ್ದರೆ ಸೂಪರ್ ಸ್ಪೆಷಾಲಿಟಿ ಇನ್ನೂ ಮೂರು. ಅಷ್ಟರಲ್ಲಿ ಮೂವತ್ತೊಂದು ದಾಟಿರುತ್ತದೆ, ಜೊತೆಗೆ ಓದಿದ ಇಂಜಿನಿಯರುಗಳು ಎರಡನೇ ಸೈಟು ನೋಡುತ್ತಿರುತ್ತಾರೆ. ಓದುವಾಗಲೇ ಸೇನೆ ಸೇರೋಣವೆಂದರೆ ಸಂಪಾದನೆ ತೋರಿಸಬೇಕು. ಸ್ಟೈಪೆಂಡ್ ಸಂಪಾದನೆಯೋ ದಕ್ಷಿಣೆಯೋ ಎಂಬ ಪ್ರಶ್ನೆ ಹಾಸ್ಟೆಲ್ ಮೆಸ್ಸುಗಳಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಮುಂದಿನದು ರಜೆ. ಇಂಟರ್ನ್‌ಶಿಪ್ಪಿನಲ್ಲಿ 15 ದಿನ, ಪಿಜಿಯಲ್ಲಿ ವರ್ಷಕ್ಕೆ 20 ದಿನದ ಸಾಂದರ್ಭಿಕ ರಜೆ. ಶಿಬಿರ ಎರಡು ತಿಂಗಳದು. ಇಪ್ಪತ್ತರಲ್ಲಿ ಅರವತ್ತನ್ನು ಕಳೆಯುವ ವಿದ್ಯೆಯನ್ನು ಯಾವ ವೈದ್ಯಕೀಯ ಕಾಲೇಜೂ ಕಲಿಸುವುದಿಲ್ಲ. ಕೆಲಸದಲ್ಲಿರುವವನ ಸ್ಥಿತಿ ಕಾಗದದ ಮೇಲೆ ಮೇಲು: ಸೇವೆ ಮುಗಿಸಿ ಬಂದವನನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ನೈಟ್ ಡ್ಯೂಟಿಯ ಪಟ್ಟಿ ಬರೆಯುವುದು ಕಾಯ್ದೆಯಲ್ಲ, ವಿಭಾಗದ ಮುಖ್ಯಸ್ಥರು. ದೇಶಸೇವೆಯ ಮಾತೆತ್ತಿದರೆ ತುಂಬಿ ಬರುವ ಅವರ ಕಣ್ಣು, ರಜೆಯ ಅರ್ಜಿ ಕಂಡರೆ ಕೆಂಪಾಗುತ್ತದೆ. ಆಗಸ್ಟ್ 15ರಂದು ಆಸ್ಪತ್ರೆಯ ಅಂಗಳದಲ್ಲಿ ಸೈನಿಕರನ್ನು ಹೊಗಳಿ ಅರ್ಧ ಗಂಟೆ ಮಾತಾಡುವವರೂ ಇವರೇ.

ಇವೆಲ್ಲ ಹೊಂದಿಕೆಯಾದರೂ ದೇಹಪರೀಕ್ಷೆಯುಂಟು. ಉಸಿರೆಳೆದುಕೊಂಡಾಗ ಎದೆ ಕನಿಷ್ಠ 5 ಸೆಂಟಿಮೀಟರ್ ಹಿಗ್ಗಬೇಕು. ಪ್ರಬಂಧಕಾರನಿಗೆ ತೀರ ಹತ್ತಿರದವನಾದ, ಅವನ ಷರಟುಗಳನ್ನೇ ತೊಡುವ ಒಬ್ಬ ಹೌಸ್ ಸರ್ಜನ್ ಇದನ್ನು ಗುಟ್ಟಾಗಿ ಅಳೆಸಿಕೊಳ್ಳಲು ಬೀದಿ ಕೊನೆಯ ದರ್ಜಿಯ ಬಳಿ ಹೋದ. ಕಾರಣ ಹೇಳಲು ನಾಚಿಕೆಯಾಗಿ ಬೇಕಿಲ್ಲದ ಷರಟೊಂದಕ್ಕೆ ಅಳತೆ ಕೊಟ್ಟ. ಮನುಷ್ಯ ಸಾಧಾರಣವಾಗಿ ಒಂದು ಸಲಕ್ಕೆ ಎಳೆಯುವ ಉಸಿರು ಸುಮಾರು 500 ಮಿಲಿಲೀಟರ್. ಅದರ ಮೇಲೂ ಸುಮಾರು ಮೂರು ಲೀಟರಿನಷ್ಟು ಎಳೆಯಬಹುದು. ಶರೀರಶಾಸ್ತ್ರದಲ್ಲಿ ಇದಕ್ಕೆ ಇನ್‌ಸ್ಪಿರೇಟರಿ ರಿಸರ್ವ್ ಎಂದು ಹೆಸರು. ದೇಹದೊಳಗೇ ಒಂದು ಟೆರಿಟೋರಿಯಲ್ ಆರ್ಮಿ: ದಿನವೂ ಕೆಲಸವಿಲ್ಲ, ಕರೆದರೆ ಬರಬೇಕು. ಹೌಸ್ ಸರ್ಜನ್ ಕರೆದ.

ಬಿಟ್ಟ ಉಸಿರಿಗೆ ಟೇಪು ಮೂವತ್ತನಾಲ್ಕೂವರೆ ಇಂಚು ತೋರಿಸಿತು, ಹಿಡಿದ ಉಸಿರಿಗೆ ಮೂವತ್ತಾರು. ಬೇಕಾದದ್ದು ಎರಡಿಂಚು, ಸಿಕ್ಕಿದ್ದು ಒಂದೂವರೆ. "ಇನ್ನೊಂದ್ಸಲ" ಎಂದ. ದರ್ಜಿ ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, ಮತ್ತೆ ಸಿಕ್ಕಿಸಿ, ಮತ್ತೆ ಅಳೆದ. ಈ ಸಲ ಮೂವತ್ತಾರೂವರೆ ಬಂತು. "ಭುಜ ಇಳ್ಸಿ ಡಾಕ್ಟ್ರೇ" ಎಂದು ಅವನು ಎರಡು ಕೈಯಲ್ಲಿ ಅದುಮಿದೊಡನೆ ಅರ್ಧ ಇಂಚು ಮಾಯವಾಯಿತು. ಮೂರನೆಯ ಸಲ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ರವಿಕೆಗೆಂದು ಕಾದು ಕುಳಿತಿದ್ದ ಹೆಂಗಸೊಬ್ಬರು, "ಪಾಪ, ಗ್ಯಾಸು. ಓಂಕಾಳು ಅಗೀಬೇಕು" ಎಂದರು. ಗ್ಯಾಸಲ್ಲವೆಂದು ಹೇಳಲು ಬಾಯಿ ತೆರೆದರೆ ಮೂರು ಲೀಟರ್ ಮೀಸಲು ಪಡೆ ಒಮ್ಮೆಗೇ ಚದುರಿಹೋಗುತ್ತದೆ. ವೈದ್ಯ ಚಿಕಿತ್ಸೆಯನ್ನು ಮೌನವಾಗಿ ಸ್ವೀಕರಿಸಿದ. ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡು ಶಾಂತವಾಗಿ ಕೇಳಿದ: "ಡಾಕ್ಟ್ರೇ, ಷರಟು ಹೊಲೀಬೇಕಾದ್ದು ಹಿಡಿದ ಉಸಿರಿಗೋ, ಬಿಟ್ಟ ಉಸಿರಿಗೋ? ಒಂದ್ ಹೇಳ್ಬಿಡಿ." ಹಿಡಿದ ಉಸಿರಿಗೇ ಎಂದು ಬೆರಳಿನಲ್ಲಿ ತೋರಿಸಲಾಯಿತು.

ಸೇರಿದ ಮೇಲಿನ ವಿಷಯದಲ್ಲಿ ನಗಲು ಹೆಚ್ಚೇನಿಲ್ಲ. 2025ರ ಮೇ 6ರ ಅಧಿಸೂಚನೆ ಪ್ರಾದೇಶಿಕ ಸೇನೆಯವರನ್ನು ಕರೆಸಿಕೊಳ್ಳುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ಒಪ್ಪಿಗೆ ಸಿಕ್ಕಿತು. ಇಂಥ ಕರೆ ಬಂದಾಗ ರಜೆಯ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯ ಒಬ್ಬನೇ ಇದ್ದು, ಅವನೇ ಬೂಟು ಕಟ್ಟಿ ಹೊರಟರೆ, ಆ ರಾತ್ರಿ ಸಿಸೇರಿಯನ್ ಆಗಬೇಕಾದವಳನ್ನು ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕು. ಆಂಬುಲೆನ್ಸಿನೊಳಗಿನ ಆ ಒಂದು ಗಂಟೆಯನ್ನು ಬರೆದಿಡಲು ಸೇನೆಯ ಪಟ್ಟಿಯಲ್ಲಿ ಕಾಲಂ ಇಲ್ಲ, ಆಸ್ಪತ್ರೆಯ ಪಟ್ಟಿಯಲ್ಲೂ ಇಲ್ಲ.

ಸ್ಟೆತಸ್ಕೋಪಿನೊಂದಿಗೇ ಸಮವಸ್ತ್ರ ತೊಡಬೇಕೆನ್ನುವವನಿಗೆ ಆರ್ಮಿ ಮೆಡಿಕಲ್ ಕೋರ್‌ನ ಶಾರ್ಟ್ ಸರ್ವಿಸ್ ಕಮಿಷನ್ ಇದೆ. ಎಂಬಿಬಿಎಸ್ ಆದವನಿಗೆ 30 ತುಂಬಿರಬಾರದು, ಪಿಜಿ ಆದವನಿಗೆ 35. ಮೊದಲಿಗೆ ಐದು ವರ್ಷ, ಬೇಕಾದರೆ ಇನ್ನೂ ಒಂಬತ್ತು. ಇದು ಪೂರ್ಣಾವಧಿಯ ಕೆಲಸವಾದ್ದರಿಂದ ವಿಭಾಗದ ಮುಖ್ಯಸ್ಥರ ಕಣ್ಣಿನ ಬಣ್ಣ ನೋಡಬೇಕಾಗಿಲ್ಲ.

ಮೀಸಲು ಸೇವೆಯೇ ಬೇಕೆಂದರೆ ಪಿಜಿ ಮುಗಿದು, ಖಾಯಂ ಕೆಲಸ ಸಿಕ್ಕಿ, 42 ತುಂಬುವುದರೊಳಗಿನ ಹತ್ತು ಹನ್ನೆರಡು ವರ್ಷಗಳೇ ಸರಿಯಾದ ಕಾಲ. ಮದುವೆ, ಮನೆ ಸಾಲ, ಮಕ್ಕಳ ಎಲ್‌ಕೆಜಿ ಸೀಟು ಬರುವುದೂ ಆಗಲೇ. ಮೇಲೆ ಹೇಳಿದ ಹೌಸ್ ಸರ್ಜನ್ ಈಗ ಆ ವಯಸ್ಸಿನ ಕೊನೆಯಲ್ಲಿದ್ದಾನೆ. ಹಿಡಿದ ಉಸಿರಿಗೆ ಹೊಲಿಸಿದ ಷರಟು ಇನ್ನೂ ಗಟ್ಟಿಯಾಗಿದೆ. ಎದೆಯ ಗುಂಡಿಗಳು ಸಲೀಸಾಗಿ ಕೂರುತ್ತವೆ, ಕೆಳಗಿನೆರಡು ಕೂರುವುದಿಲ್ಲ.