ಒಂದು ಚುಕ್ಕೆಯ ವ್ಯವಹಾರ

ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಚನ್ನಪಟ್ಟಣದ ಕಡೆಯ ವಿರೂಪಾಕ್ಷಿಪುರದ ಹೊಲದ ಬದುಗಳಲ್ಲಿ ಬಗ್ಗಿ ಬಗ್ಗಿ ನಡೆಯುವವನಿಗೆ ಚಿಟ್ಟೆಗಿಂತ ಮೊದಲು ಪ್ರಶ್ನೆಗಳು ಎದುರಾಗುತ್ತವೆ. "ಸರ್ವೆಯವರಾ ಸಾ?" ಎಂಬುದು ಮೊದಲನೆಯದು. ಅಲ್ಲವೆಂದರೆ, "ರೋಡ್ ಅಗಲ ಮಾಡ್ತಾರಂತಾ?" ಅದೂ ಅಲ್ಲವೆಂದರೆ ದನಿ ತಗ್ಗಿಸಿ, "ಸೈಟ್ ನೋಡಾಕ್ ಬಂದ್ರಾ?" ಬೆಂಗಳೂರಿಗೆ ಇಷ್ಟು ಹತ್ತಿರವಿರುವ ನೆಲಕ್ಕೆ ನೆಲವನ್ನು ಬಿಟ್ಟು ಇನ್ನೇನನ್ನೋ ನೋಡಲು ಒಬ್ಬ ಬರುತ್ತಾನೆಂದರೆ ಯಾರು ತಾನೇ ನಂಬಿಯಾರು? ಚಿಟ್ಟೆ ಹುಡುಕುತ್ತಿದ್ದೇನೆ ಎಂದಾಗ ಅವರ ಮುಖದಲ್ಲಿ ಮೂಡುವುದು ಅನುಮಾನವಲ್ಲ, ಕನಿಕರ. ಪಾಪ, ಮನೆಯವರು ಯಾರೂ ಜೊತೆಗೆ ಬಂದಿಲ್ಲವೇ ಎಂಬಂತೆ ಸುತ್ತ ಕಣ್ಣಾಡಿಸುತ್ತಾರೆ.

ಅವರನ್ನು ದೂರುವಂತಿಲ್ಲ. ಇದು ರೇಷ್ಮೆಯ ಸೀಮೆ. ಇಲ್ಲಿ ರೆಕ್ಕೆ ಬಂದರೆ ನಷ್ಟ. ಚಾಕಿ ಹುಳ ತಂದು, ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಟ್ಟು, ಗೂಡು ಕಟ್ಟಿದ ಮೇಲೆ ರಾಮನಗರದ ಗೂಡಿನ ಮಾರುಕಟ್ಟೆಗೆ ಓಡಬೇಕು. ತಡವಾದರೆ ಒಳಗಿನ ಜೀವ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ ಅಲ್ಲಿಗೆ ತುಂಡುತುಂಡು, ಬಿಚ್ಚಾಣಿಕೆಗೆ ಬಾರದು. ಮೊಟ್ಟೆ ಮಾಡಿಸುವ ಕೇಂದ್ರದಲ್ಲಿ ಬಿಟ್ಟರೆ ಬೇರೆಲ್ಲೂ ಅದು ಹೊರಬರುವುದು ಯಾರಿಗೂ ಬೇಡ. ಮನೆತುಂಬ ಹುಳ ಸಾಕಿ, ಅದು ಹಾರದಂತೆ ನೋಡಿಕೊಂಡು ಮಕ್ಕಳ ಮದುವೆ ಮಾಡಿದವರ ಮುಂದೆ ಹಾರುವ ಚಿಟ್ಟೆಗಾಗಿ ಪೆಟ್ರೋಲ್ ಸುಟ್ಟುಕೊಂಡು ಬಂದವನು ಏನೆಂದು ವಿವರಿಸಬೇಕು?

ನಾನು ಹುಡುಕುತ್ತಿದ್ದುದು ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣನ್ನು. ಗಂಡಾದರೆ ಗುರುತಿಗೆ ಕಷ್ಟವಿಲ್ಲ. ಕಪ್ಪು ರೆಕ್ಕೆ, ಅದರ ಮೇಲೆ ದೊಡ್ಡ ಬಿಳಿ ಮಚ್ಚೆಗಳು, ಮಚ್ಚೆಯ ಸುತ್ತ ಬೆಳಕು ಬಿದ್ದಾಗ ಮಿಂಚುವ ನೇರಳೆ ಅಂಚು. ಒಂದು ಪೊದೆ ಹಿಡಿದು ಕೂತು, ಹಾದುಹೋಗುವ ಎಲ್ಲರ ಮೇಲೂ ಏರಿಹೋಗುವ ಜಗಳಗಂಟ. ಹೆಣ್ಣಿನದು ಬೇರೆಯೇ ಕಥೆ. ಅವಳಿಗೆ ಗಂಡನ ಹೋಲಿಕೆ ಒಂದಿಷ್ಟೂ ಇಲ್ಲ. ಪಕ್ಕದ ಮನೆಯವಳ ಸೀರೆಯನ್ನೇ ಉಟ್ಟಿದ್ದಾಳೆ. ಆ ಪಕ್ಕದ ಮನೆಯವಳು ಪ್ಲೇನ್ ಟೈಗರ್. ಕಿತ್ತಳೆ ರೆಕ್ಕೆ, ಕಪ್ಪು ತುದಿ, ತುದಿಯಲ್ಲಿ ಬಿಳಿ ಪಟ್ಟೆ. ಎಕ್ಕದ ಗಿಡ ಇರುವಲ್ಲೆಲ್ಲ ಹಾರಾಡುವ, ಯಾರೂ ತಿರುಗಿ ನೋಡದ ಚಿಟ್ಟೆ. ತಿರುಗಿ ನೋಡಿದವರೇ ಇಲ್ಲವೆಂದೂ ಅಲ್ಲ: ಈಜಿಪ್ಟಿನ ನೆಬಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯ ಮೇಲೆ, ಸುಮಾರು 3,400 ವರ್ಷಗಳ ಹಿಂದೆಯೇ ಯಾರೋ ಒಬ್ಬ ಇದರ ಚಿತ್ರ ಬಿಡಿಸಿದ್ದಾನೆ. ಅವನನ್ನೂ ಜನ ಸರ್ವೆಯವನೇ ಎಂದು ಕೇಳಿದ್ದರೋ ಏನೋ.

ಪ್ಲೇನ್ ಟೈಗರ್‌ನ ಮರಿಹುಳ ಎಕ್ಕದ ಎಲೆ ತಿನ್ನುತ್ತದೆ. ಎಕ್ಕದ ಹಾಲಿನ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಂಡು ರೆಕ್ಕೆ ಬಂದ ಮೇಲೂ ಜೊತೆಗೇ ಒಯ್ಯುತ್ತದೆ. ಒಮ್ಮೆ ತಿಂದು ಕಕ್ಕಿದ ಹಕ್ಕಿ ಆ ಕಿತ್ತಳೆ ಬಣ್ಣದ ತಂಟೆಗೆ ಮತ್ತೆ ಹೋಗದು. ಅದಕ್ಕೇ ಈ ಚಿಟ್ಟೆಗೆ ಅವಸರವೆಂಬುದಿಲ್ಲ. ಚುನಾವಣೆ ಗೆದ್ದವರ ಹಾಗೆ ನಿಧಾನವಾಗಿ ತೇಲುತ್ತಿರುತ್ತದೆ. ಎಗ್‌ಫ್ಲೈ ಹೆಣ್ಣು ವಿಷದ ಗೋಜಿಗೆ ಹೋಗಿಲ್ಲ. ಬಣ್ಣವನ್ನು ಕಲಿತಿದ್ದಾಳೆ, ಆ ನಿಧಾನವನ್ನೂ ಕಲಿತಿದ್ದಾಳೆ. ಬೆದರಿಸಿದರೆ ಮಾತ್ರ ನಾಟಕ ಮರೆತು ಸರ್ರನೆ ಹಾರಿಬಿಡುತ್ತಾಳೆ.

ಹೀಗೆ ವಿಷವಿಲ್ಲದವರು ವಿಷವಿರುವವರ ವೇಷ ಹಾಕುವುದನ್ನು ಲೋಕಕ್ಕೆ ಬಿಡಿಸಿ ಹೇಳಿದವನು ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಾಡಿನಲ್ಲಿ ಹನ್ನೊಂದು ವರ್ಷ ಅಲೆದು, 1862ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದ. ಈ ವೇಷದ ವ್ಯಾಪಾರಕ್ಕೆ ಒಂದು ಕರಾರುಂಟು: ವೇಷಧಾರಿಗಳು ಅಸಲಿಗಿಂತ ಕಡಿಮೆ ಇರಬೇಕು. ಹೆಚ್ಚಾದರೆ ಹಕ್ಕಿಗೆ ಮೇಲಿಂದ ಮೇಲೆ ರುಚಿಯಾದ ತುತ್ತೇ ಸಿಗುತ್ತದೆ, ಕಿತ್ತಳೆ ಬಣ್ಣದ ಭಯ ಹೋಗುತ್ತದೆ, ಆಮೇಲೆ ನಕಲಿಗೂ ಉಳಿಗಾಲವಿಲ್ಲ, ಅಸಲಿಗೂ ಇಲ್ಲ. ಚನ್ನಪಟ್ಟಣದಲ್ಲಿ ನಿಂತು ಇದನ್ನು ಹೇಳಿದರೆ ಯಾರೂ ಪುಸ್ತಕ ತೆರೆಯಬೇಕಿಲ್ಲ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಿಡಿಸುವ ಗೊಂಬೆಯವರನ್ನು ಕೇಳಿ. ಅದೇ ಬಣ್ಣದ ಪ್ಲಾಸ್ಟಿಕ್ ಗೊಂಬೆ ಅದೇ ಸಾಲಿನಲ್ಲಿ ಬಂದು ಕೂತರೆ ಗಿರಾಕಿ ಎರಡನ್ನೂ ಹೇಗೆ ನೋಡುತ್ತಾನೆಂದು ಬೇಟ್ಸ್‌ಗಿಂತ ಚೆನ್ನಾಗಿ ಹೇಳುತ್ತಾರೆ.

ಹಾಗಾಗಿ ಈ ಹೆಣ್ಣು ಅಪರೂಪವಾಗಿರುವುದು ಅವಳ ಬಿಂಕವಲ್ಲ, ಕಸುಬು. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಇವಳ ಬಳಗ ಹರಡಿದೆ, ಆದರೆ ಎಲ್ಲಿ ನೋಡಿದರೂ ಗುಂಪಿನಲ್ಲಿ ಗೋವಿಂದ. ನಮ್ಮ ಸರ್ಕಾರ ಇದರಲ್ಲಿ ಇನ್ನೊಂದು ತಮಾಷೆ ಸೇರಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಡನೈಡ್ ಎಗ್‌ಫ್ಲೈಗೆ ಜಾಗ ಸಿಕ್ಕಿತು, ಪ್ಲೇನ್ ಟೈಗರ್‌ಗೆ ಸಿಗಲಿಲ್ಲ. ನಕಲಿಗೆ ಕಾನೂನಿನ ರಕ್ಷಣೆ. ಅಸಲಿ ತನ್ನ ವಿಷ ತಾನು ನಂಬಿಕೊಂಡು ಬದುಕಬೇಕು.

ಇವಳನ್ನು ಹಿಡಿಯುವ ದಾರಿ ಒಂದೇ, ಚುಕ್ಕೆ ಎಣಿಸುವುದು. ಹಿಂದಿನ ರೆಕ್ಕೆಯ ನಡುವೆ ಪ್ಲೇನ್ ಟೈಗರ್ ಹೆಣ್ಣಿಗೆ ಮೂರು ಕರಿ ಚುಕ್ಕೆ, ಗಂಡಿಗೆ ನಾಲ್ಕು. ಎಗ್‌ಫ್ಲೈ ಹೆಣ್ಣಿಗೆ ನಡುವೆ ಏನೂ ಇಲ್ಲ, ಮೇಲಂಚಿನಲ್ಲಿ ಒಂದೇ ಒಂದು. ಕೇಳಲು ಸುಲಭ. ಹಾರುವ ಚಿಟ್ಟೆಯ ಹಿಂದಿನ ರೆಕ್ಕೆಯ ಚುಕ್ಕೆ ಎಣಿಸುವುದೆಂದರೆ ಓಡುವ ಬಸ್ಸಿನ ಕಿಟಕಿಯೊಳಗಿನ ಟಿಕೆಟ್ಟಿನ ನಂಬರ್ ಓದಿದಂತೆ. ಚಿಟ್ಟೆ ನಿದ್ದೆ ಮುಗಿಸಿ ಎಳೆಬಿಸಿಲಿಗೆ ರೆಕ್ಕೆ ಬಿಚ್ಚಿ ಕೂರುವ ಹೊತ್ತಿಗೆ ಹೋಗಬೇಕು. ನಮ್ಮ ನೆರಳು ಅದರ ಮೇಲೆ ಬೀಳದ ಹಾಗೆ ಸೂರ್ಯನ ದಿಕ್ಕು ನೋಡಿಕೊಂಡು, ಉಸಿರು ಬಿಗಿಹಿಡಿದು, ಮಂಡಿಯೂರಿ ತೆವಳಬೇಕು. ಮಂಡಿಯ ಕೆಳಗೆ ನೆಗ್ಗಿಲು ಮುಳ್ಳು ಇರುತ್ತದೆ. ಇರದಿದ್ದರೆ ಆ ಜಾಗ ಸರಿಯಿಲ್ಲ ಎಂದು ಅರ್ಥ. ಪ್ರತಿಯೊಂದು ಎಕ್ಕದ ಗಿಡದ ಮುಂದೆಯೂ ಹೀಗೆ ಅಡ್ಡಬಿದ್ದು ಎದ್ದರೆ ಸಿಗುವುದು ಮೂರು, ನಾಲ್ಕು, ಮೂರು, ಮೂರು. ಊರಿನ ನಾಯಿಗಳೂ ಬೇಸತ್ತು ಬೊಗಳುವುದು ಬಿಟ್ಟಿದ್ದವು.

ಆದರೆ ಎಕ್ಕದ ಬಳಿ ಇವಳನ್ನು ಹುಡುಕುವುದೇ ಅವಳ ವೇಷಕ್ಕೆ ಬೆಲೆ ಕೊಟ್ಟಂತೆ. ಇವಳ ಮರಿಗೆ ಬೇಕಾದದ್ದು ಎಕ್ಕವಲ್ಲ, ಗೋಣಿಸೊಪ್ಪು. ನೆಲಕ್ಕೆ ಅಂಟಿಕೊಂಡು ಹಬ್ಬುವ, ಕೆಂಪು ದಂಟಿನ, ದಪ್ಪ ಎಲೆಯ ಅದೇ ಗೋಣಿಸೊಪ್ಪು. ಮಳೆ ಬಿದ್ದ ಮೇಲೆ ರಾಗಿ ಹೊಲದಲ್ಲಿ ಅಣ್ಣೆಸೊಪ್ಪು, ಕೀರೆ, ಹೊನಗೊನೆಯ ಜೊತೆ ಎದ್ದು, ಬೆರಕೆಸೊಪ್ಪಾಗಿ ಮಡಿಲು ಸೇರಿ, ಮಸ್ಸೊಪ್ಪಾಗಿ ಮುದ್ದೆಯ ಪಕ್ಕ ಕೂರುವುದು ಅದು.

ಅಂಥದೊಂದು ಹೊಲದಂಚಿನಲ್ಲಿ ಅಜ್ಜಿಯೊಬ್ಬರು ಕುಕ್ಕರುಗಾಲಲ್ಲಿ ಕೂತು ಸೊಪ್ಪು ಕೀಳುತ್ತಿದ್ದರು. ಅವರಿಂದ ಎರಡು ಮಾರು ಆಚೆ, ನೆಲಮಟ್ಟದಲ್ಲಿ, ಕಿತ್ತಳೆ ಚಿಟ್ಟೆಯೊಂದು ಗೋಣಿಸೊಪ್ಪಿನ ಮೇಲೆ ಕೂರುವುದು, ಏಳುವುದು, ಬಾಲ ಬಗ್ಗಿಸುವುದು ಮಾಡುತ್ತಿತ್ತು. ಮಂಡಿಯೂರಿದೆ. ರೆಕ್ಕೆ ಬಿಚ್ಚಿತು. ನಡುವೆ ಚುಕ್ಕೆ ಇಲ್ಲ. ಮೇಲಂಚಿನಲ್ಲಿ, ಮುಂದಿನ ರೆಕ್ಕೆಯಡಿಯಿಂದ ಅರ್ಧ ಇಣುಕುತ್ತ, ಒಂದು. ಕ್ಯಾಮೆರಾ ತನ್ನ ಕೆಲಸ ಮಾಡಿತು. ನನ್ನ ಕೈ ನಡುಗುತ್ತಿದ್ದುದಕ್ಕೂ ಚಿತ್ರ ಚೂಪಾಗಿ ಬಂದುದಕ್ಕೂ ಯಾವ ಸಂಬಂಧವೂ ಇಲ್ಲ.

ಅಲ್ಲಿಂದಲೇ ಗೆಳೆಯನೊಬ್ಬನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಚಿಟ್ಟೆ ಬಲ್ಲವನೇ. "ಪ್ಲೇನ್ ಟೈಗರ್. ಬೆಳಕು ಚೆನ್ನಾಗಿದೆ" ಎಂದು ಉತ್ತರ ಬಂತು. ಹಕ್ಕಿಗಳಿಗೆ ಒಡ್ಡಿದ ವೇಷಕ್ಕೆ ನನ್ನ ಗೆಳೆಯನೂ ಬಿದ್ದಿದ್ದ.

"ಏನಪ್ಪಾ ಹುಡುಕ್ತಿದ್ದೀಯ, ಉಂಗುರಗಿಂಗುರ ಬಿದ್ದೋಯ್ತಾ?" ಎಂದರು ಅಜ್ಜಿ. ಕ್ಯಾಮೆರಾದ ಪರದೆ ತೋರಿಸಿದೆ. "ಇದಾ? ಎಕ್ಕದ ಗಿಡದಾಗೆ ಬೇಕಾದಂಗವೆ."

"ಇದು ಅದಲ್ಲಜ್ಜಿ. ಅದಕ್ಕೆ ಮೂರು ನಾಲ್ಕು ಚುಕ್ಕೆ ಇರುತ್ತೆ. ಇದಕ್ಕೆ ಒಂದೇ."

ಅಜ್ಜಿ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ಒಂದ್ ಚುಕ್ಕಿಗಾ ಬೆಂಗಳೂರಿಂದ ಬಂದೆ?"

ಹೌದೆಂದು ಒಪ್ಪಿಕೊಂಡು, ಆ ಪಕ್ಕದ ಗೋಣಿಸೊಪ್ಪನ್ನು ಕೀಳದೆ ಬಿಡಬಹುದೇ, ಅದರ ಮೇಲೆ ಮೊಟ್ಟೆ ಇಟ್ಟಿದೆ ಎಂದೆ. ಕೀಳಲು ಚಾಚಿದ್ದ ಕೈ ಥಟ್ಟನೆ ಹಿಂದೆ ಬಂತು.

"ಮೊಟ್ಟೆನಾ? ಇವತ್ತು ಶನಿವಾರ ಕಣಪ್ಪಾ, ನಮ್ಮನೇಲಿ ತಿನ್ನಾಕಿಲ್ಲ. ನಾಳೀಕ್ ಕಿತ್ಕೋತೀನಿ ಬಿಡು."